ಗೋದಾವರಿಯ ದಕ್ಷಿಣಕ್ಕಿದ್ದ ಬರೋಡ

ಬರೋಡದಲ್ಲಿ ನಮ್ಮವರ ಪೂಜೆಗಳಿಗೆಲ್ಲ ಪುರೋಹಿತನಾಗಿದ್ದದ್ದು ಒಂದು ಟೇಪ್ ರೆಕಾರ್ಡರ್. ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ಅಲ್ಲಿನ ಅಲ್ಕಾಪುರಿ ಬಡಾವಣೆಯ ಬ್ಯಾಂಕಿಗೆ ವರ್ಗವಾಗಿತ್ತು. ಅಲ್ಲಿನ ಹತ್ತು ಹನ್ನೆರಡು ಕನ್ನಡದ ಮನೆಯವರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಸತ್ಯನಾರಾಯಣ ಪೂಜೆ ಮಾಡುತ್ತಿದ್ದರು. ಊರಿನಲ್ಲಿ ಪುರೋಹಿತರಿಗೇನೂ ಬರವಿರಲಿಲ್ಲ, ಆದರೆ ಅವರ ಪದ್ಧತಿ ನಮ್ಮದಲ್ಲ ಎಂದು ಗಂಡಸರೆಲ್ಲ ಕೂತು ತೀರ್ಮಾನಿಸಿ, ಮೈಸೂರಿನಿಂದ ಪೂಜಾವಿಧಾನದ ಕ್ಯಾಸೆಟ್ ತರಿಸಿದ್ದರು.

ಕ್ಯಾಸೆಟ್ ಇರುತ್ತಿದ್ದದ್ದು ಒಬ್ಬ ವಿಜ್ಞಾನಿಯ ವಶದಲ್ಲಿ. ಉಪಗ್ರಹ ತೆಗೆದ ಚಿತ್ರಗಳಿಂದ ನಕ್ಷೆ ತಯಾರಿಸುವ ಕೆಲಸ ಅವರದು. ಪೂಜೆಯ ಭಾನುವಾರ ಅಹಮದಾಬಾದಿನಿಂದ ರೈಲಿನಲ್ಲಿ ಬರುವಾಗ ಅದನ್ನು ರೇಷ್ಮೆ ಶಲ್ಯದಲ್ಲಿ ಸುತ್ತಿ ತರುತ್ತಿದ್ದರು. ಟೇಪ್ ರೆಕಾರ್ಡರಿಗೆ ದೇವರ ಪಕ್ಕದಲ್ಲೇ ಮಣೆ, ಮಣೆಯ ಕೆಳಗೆ ರಂಗೋಲಿ, ನೆತ್ತಿಗೊಂದು ಕುಂಕುಮದ ಬೊಟ್ಟು. ಜಪಾನಿನಲ್ಲಿ ಹುಟ್ಟಿದ ಅದಕ್ಕೆ ಮುಂಜಿಯಾಗಿದೆಯೇ ಎಂದು ಯಾರೂ ಕೇಳಲಿಲ್ಲ. ತಿಂಗಳಲ್ಲಿ ಮೂರು ದಿನ ದೂರ ಕೂರುವ ತಾಪತ್ರಯವೂ ಅದಕ್ಕಿರಲಿಲ್ಲ. ಗುಂಡಿ ಒತ್ತಿದರೆ ಸಾಕು, ವೇದ ಹೇಳುತ್ತಿತ್ತು.

ನನ್ನ ಅಮ್ಮನಿಗೆ ಆ ಭಾಗ್ಯವಿರಲಿಲ್ಲ. ಅವಳು ಪುರೋಹಿತರ ಮಗಳು. ತಾತ ಜಗಲಿಯಲ್ಲಿ ಕೂತು ಹುಡುಗರಿಗೆ ಮಂತ್ರ ಹೇಳಿಕೊಡುತ್ತಿದ್ದರೆ, ಒಳಗೆ ಹೂಬತ್ತಿ ಹೊಸೆಯುತ್ತಿದ್ದ ಅಮ್ಮನಿಗೆ ಅಷ್ಟೂ ಬಾಯಿಪಾಠವಾಗಿತ್ತು. ತಾತನಿಗೆ ಗೊತ್ತಾದ ದಿನ ಅವರು ಬಹಳ ಮೆಚ್ಚಿ, ತಲೆ ಸವರಿ, ಇನ್ನು ಮೇಲೆ ಬಾಯಿ ಬಿಡಬೇಡ ಎಂದರಂತೆ. ಅಮ್ಮ ಇದನ್ನು ನಗುತ್ತಲೇ ಹೇಳುತ್ತಿದ್ದಳು. ನನಗೆ ಮಾತ್ರ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಪೂಜೆಯ ಆರಂಭದಲ್ಲಿ ಸಂಕಲ್ಪ. ಯಾವ ಜಾಗದಲ್ಲಿ, ಯಾವ ದಿನ, ಯಾರು, ಯಾತಕ್ಕಾಗಿ ಪೂಜೆ ಮಾಡುತ್ತಿದ್ದೇವೆಂದು ದೇವರಿಗೆ ತಿಳಿಸುವ ಭಾಗ ಅದು. ಮನೆಯ ಯಜಮಾನ ತನ್ನ ಗೋತ್ರ, ಹೆಸರು ಹೇಳಲೆಂದು ಕ್ಯಾಸೆಟ್ಟಿನ ಶಾಸ್ತ್ರಿಗಳು ಒಂದಿಷ್ಟು ಹೊತ್ತು ಸುಮ್ಮನಾಗುತ್ತಿದ್ದರು. ಆಮೇಲೆ ‘ಧರ್ಮಪತ್ನೀ ಸಮೇತಸ್ಯ’ ಎಂದು ಮುಂದುವರಿಸುತ್ತಿದ್ದರು. ಹೆಂಡತಿಯ ಹೆಸರಿಗೆ ಬಿಡುವಿರಲಿಲ್ಲ. ಅವಳು ಗಂಡನ ಕೈಗೆ ಕೈ ತಾಗಿಸಿಕೊಂಡು, ಸಮೇತವಾಗಿ ಕೂತಿದ್ದರೆ ಸಾಕಿತ್ತು.

ಒಂದು ಸಲ ಕೊಯಾಲಿಯ ತೈಲ ಶುದ್ಧೀಕರಣ ಘಟಕದ ಟೌನ್‌ಶಿಪ್ಪಿನ ಮನೆಯೊಂದರಲ್ಲಿ ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ದಾಗ, ಹುಳಿ ಬಡಿಸುತ್ತಿದ್ದ ಅಮ್ಮ ಒಂದು ಮಾತು ಹೇಳಿಬಿಟ್ಟಳು. ಕ್ಯಾಸೆಟ್ಟಿನಲ್ಲಿ ಗೋದಾವರಿಯ ದಕ್ಷಿಣ ತೀರದಲ್ಲಿದ್ದೇವೆ ಎಂದು ಬರುತ್ತದೆ, ಮೈಸೂರಿಗೆ ಅದು ಸರಿ. ಆದರೆ ನಾವು ಬರುವಾಗ ಸೂರತ್ತಿನಲ್ಲಿ ತಾಪಿ, ಭರೂಚಿನಲ್ಲಿ ನರ್ಮದೆ ದಾಟಿ ಬಂದಿದ್ದೇವಲ್ಲ, ಎರಡಕ್ಕೂ ನಾನೇ ಕಿಟಕಿಯಿಂದ ಕೈ ಮುಗಿದಿದ್ದೇನೆ, ಇಲ್ಲಿ ನರ್ಮದೆಯ ಉತ್ತರ ತೀರ ಎನ್ನಬೇಕಲ್ಲವೇ ಎಂದಳು.

ಅಂದರೆ ನಾಲ್ಕು ವರ್ಷಗಳಿಂದ ಮಾಡಿದ ಪೂಜೆಗಳೆಲ್ಲ ತಪ್ಪು ವಿಳಾಸಕ್ಕೆ ಹೋಗಿದ್ದವು. ಮೊದಲು ಚೇತರಿಸಿಕೊಂಡವರು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಬ್ಯಾಂಕಿನವರೊಬ್ಬರು. ವರ್ಗ ಎಂಬುದು ತಾತ್ಕಾಲಿಕ, ದೇವರ ಮುಂದೆ ಕಾಯಂ ವಿಳಾಸವೇ ನಡೆಯುತ್ತದೆ ಎಂದರು. ನಕ್ಷೆಯ ವಿಜ್ಞಾನಿ ಮಾತ್ರ ಭೂಗೋಳ ಬೇರೆ, ಮಂತ್ರ ಬೇರೆ ಎಂದು ಮಜ್ಜಿಗೆ ಕೇಳಿದರು. ಅಮ್ಮ ಹೇಳಿದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆಯನ್ನು ಎಲ್ಲರೂ ಸೇರಿ ಎಲೆಯ ತುದಿಗೆ ಸರಿಸಿಟ್ಟರು. ಸಂಕಲ್ಪದ ವಿಷಯ ಹೆಂಗಸಿಗೆ ಹೇಗೆ ಗೊತ್ತು ಎಂಬುದಷ್ಟೇ ಪಾಯಸದವರೆಗೂ ಚರ್ಚೆಯಾಯಿತು.

ಮರುವರ್ಷ ನನಗೆ ಕಾಮಾಲೆಯಾಯಿತು. ಹನ್ನೆರಡನೆಯ ಕ್ಲಾಸಿನಲ್ಲಿದ್ದೆ. ಎರಡು ತಿಂಗಳು ಹಾಸಿಗೆ ಹಿಡಿದೆ. ಒಂದು ವಾರವಂತೂ ಡಾಕ್ಟರೂ ಅಮ್ಮನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಆಗ ಅಮ್ಮ, ಮಗಳು ಎದ್ದು ಓಡಾಡಿದರೆ ಪೂಜೆ ಮಾಡಿಸುತ್ತೇನೆಂದು ಹರಸಿಕೊಂಡಳು. ನಾನು ಎದ್ದು ಓಡಾಡಿದೆ. ಆ ತಿಂಗಳ ಪೂಜೆ ನಮ್ಮ ಮನೆಗೆ ಬಂತು. ಹರಕೆ ಅವಳದು, ಅದನ್ನು ತಾನೇ ತೀರಿಸಬೇಕು ಎಂಬ ಆಸೆ ಅವಳಿಗೆಷ್ಟಿತ್ತೆಂಬುದು ಅವಳು ಪ್ರಸಾದದ ಸಪಾದಭಕ್ಷ್ಯಕ್ಕೆ ರವೆ ಹುರಿದ ರೀತಿಯಲ್ಲೇ ತಿಳಿಯುತ್ತಿತ್ತು.

ಅಪ್ಪ ಆಡಿಟ್ಟಿಗೆಂದು ಸೂರತ್ತಿಗೆ ಹೋಗಿದ್ದವರು ಮಧ್ಯಾಹ್ನ ಬರಬೇಕಿತ್ತು. ಬರಲಿಲ್ಲ. ಸಂಜೆ ಐದಕ್ಕೆ ಕೆಳಗಿನ ಮನೆಯ ಗುಜರಾತಿ ಹೆಂಗಸು ಮೆಟ್ಟಿಲು ಹತ್ತಿ ಬಂದು, ಅಪ್ಪನ ಫೋನ್ ಬಂದಿತ್ತು, ರೈಲು ಭರೂಚ್ ಸ್ಟೇಷನ್ನಿನಲ್ಲೇ ನಿಂತಿದೆ, ರಾತ್ರಿಯಾಗುತ್ತದಂತೆ ಎಂದರು. ಅಷ್ಟರಲ್ಲಿ ಎಲ್ಲರೂ ಬಂದು ಕೂತಾಗಿತ್ತು, ಕಲಶ ಇಟ್ಟಾಗಿತ್ತು. ಗಂಡನಿಲ್ಲದೆ ಹೆಂಡತಿಗೆ ಸಂಕಲ್ಪದ ಅಧಿಕಾರವಿಲ್ಲ ಎಂದರು ಅದೇ ಬ್ಯಾಂಕಿನವರು. ತಾವೇ ಯಜಮಾನರ ಜಾಗದಲ್ಲಿ ಕೂರುವುದಾಗಿ ವಿಜ್ಞಾನಿ ಉದಾರವಾಗಿ ಮುಂದೆ ಬಂದರು.

“ಯಾರ ಹೆಸರು ಹೇಳ್ತೀರಿ?” ಅಂದಳು ಅಮ್ಮ.

“ನಂದೇ ಹೇಳ್ಬೇಕಾಗತ್ತಮ್ಮ. ಕೂತವರ ಹೆಸರು ತಾನೇ ಹೇಳೋದು.”

“ಕಾಯಿಲೆ ಬಿದ್ದಿದ್ದು ನನ್ನ ಮಗಳು. ನೀವು ಕೂತ್ಕೊಳಿ, ಊಟ ಮಾಡ್ಕೊಂಡು ಹೋಗಿ.”

ಹಾಗೆಂದು ಅಮ್ಮ ಮಣೆಯ ಮೇಲೆ ಕೂತಳು. ಗುಂಡಿ ಒತ್ತಿದಳು. ಶಾಸ್ತ್ರಿಗಳು ದೇಶಕಾಲ ಹೇಳುತ್ತ ಹೇಳುತ್ತ ಗೋದಾವರಿ ಸಮೀಪಿಸಿದಾಗ ಪಾಜ್ ಗುಂಡಿ ಒತ್ತಿ ಅವರ ಬಾಯಿ ಮುಚ್ಚಿಸಿದಳು. ಆಮೇಲೆ ತಾನೇ ಶುರುಮಾಡಿದಳು. ನರ್ಮದೆಯ ಉತ್ತರ ತೀರ ಎಂದಳು. ಒಂದು ಸ್ವರವೂ ಜಾರಲಿಲ್ಲ. ಮೂವತ್ತು ವರ್ಷ ಮುಚ್ಚಿಟ್ಟಿದ್ದ ಧ್ವನಿ ಅದು ಎಂದು ಯಾರೂ ಹೇಳುವಂತಿರಲಿಲ್ಲ. ಹೆಸರಿನ ಜಾಗದಲ್ಲಿ ತನ್ನ ಹೆಸರು ಹೇಳಿದಳು. ರೇಷನ್ ಕಾರ್ಡಿನಲ್ಲಲ್ಲದೆ ಬೇರೆಲ್ಲೂ ನಾನು ಕಂಡಿರದ ಆ ಹೆಸರು ಕೇಳಿ ನನಗೆ ಅಳು ಬಂತು, ತಡೆಯಲಿಲ್ಲ. ಹೆಂಗಸರ ಸಾಲಿನಲ್ಲಿ ವಿಜ್ಞಾನಿಯ ಹೆಂಡತಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಗಂಡಸರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಪ್ರಸಾದ ಎರಡೆರಡು ಸಲ ಹಾಕಿಸಿಕೊಂಡರು. ಹೊರಡುವ ಮೊದಲು ಚಪ್ಪಲಿ ಮೆಟ್ಟುತ್ತ, ಉಳಿದ ಮಂತ್ರವನ್ನೆಲ್ಲ ಕ್ಯಾಸೆಟ್ಟೇ ಹೇಳಿದ್ದರಿಂದ ಪೂಜೆ ಕೆಡಲಿಲ್ಲ ಎಂದು ಒಮ್ಮತಕ್ಕೆ ಬಂದರು.

ಅಪ್ಪ ಬಂದಾಗ ಎಲ್ಲರೂ ಹೋಗಿದ್ದರು. ಕೈಕಾಲು ತೊಳೆದು ಊಟಕ್ಕೆ ಕೂತು, ಪ್ರಸಾದ ಬಾಯಿಗೆ ಹಾಕಿಕೊಂಡು, ಯಾರು ಕೂತಿದ್ದರು ಎಂದು ಕೇಳಿದರು. ಅಮ್ಮ ತಾನೇ ಎಂದಳು. ಅಪ್ಪ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಅಗಿದರು, ನುಂಗಿದರು. ಬೈಯುತ್ತಾರೇನೋ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ.

“ನನ್ನ ಹೆಸರು ಸೇರಿಸಿದ್ಯಾ?” ಎಂದರು ಮೆಲ್ಲಗೆ.

ಅಮ್ಮ ಅವರ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

“ಹೆಸರಿಗೆ ಜಾಗ ಇರಲಿಲ್ಲ ರೀ,” ಅಂದಳು. “ಸಮೇತ ಅಂದಿದೀನಿ.”