ಮೌಶಿ ಹೇಳಿದ ಮಂಜರಿ

ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರನ್ನು ನಾವು ಔರಂಗಾಬಾದ್ ಎನ್ನುತ್ತಿದ್ದ ಕಾಲ ಅದು. ಬೇಸಿಗೆ ರಜೆ ಬಂತೆಂದರೆ ನಾಶಿಕ್‌ನಿಂದ ನನ್ನನ್ನು ಅಲ್ಲಿ ಮೌಶಿಯ ಮನೆಗೆ ಕಳಿಸುತ್ತಿದ್ದರು. ಮೌಶಿ ಎಂದರೆ ಅವ್ವನ ತಂಗಿ ಶಾಂತಾ, ಬೀದರ್ ಕಡೆಯಿಂದ ಮದುವೆಯಾಗಿ ಆ ಊರಿಗೆ ಬಂದವಳು. ಮಧ್ಯಾಹ್ನ ಊಟ ಮುಗಿಸಿ ಕೂಲರ್‌ಗೆ ನೀರು ತುಂಬುತ್ತಿದ್ದಳು. ಅದರ ಜಾಳಿಗೆಯ ಒದ್ದೆ ಹುಲ್ಲಿನ ವಾಸನೆ ಕೋಣೆಗೆಲ್ಲ ಹರಡುತ್ತಿತ್ತು. ನನ್ನನ್ನೂ ತನ್ನ ಮಗಳು ಪಲ್ಲವಿಯನ್ನೂ ಆಚೆ ಈಚೆ ಮಲಗಿಸಿಕೊಂಡು ಒಂದು ದಪ್ಪ ಪುಸ್ತಕ ತೆರೆಯುತ್ತಿದ್ದಳು.

ದೇವಗಿರಿ ಕೋಟೆಯ ಕಾಲದ ಪ್ರೇಮಕಥೆ ಅದು, ಮರಾಠಿಯಲ್ಲಿ ಹಲವು ಭಾಗಗಳಾಗಿ ಬಂದ ಕಾದಂಬರಿ. ಮೌಶಿ ಸಾಲಿನ ಮೇಲೆ ಬೆರಳಾಡಿಸುತ್ತ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾಯಕಿ ಮಂಜರಿ ಬೀದರ್ ಕಡೆಯ ಕಲ್ಯಾಣದ ಹುಡುಗಿ. ಕೋಟೆಯ ಸರದಾರ ಸಾರಂಗನ ಮೇಲೆ ಅವಳಿಗೆ ಪ್ರಾಣ. ಆದರೆ ಸಿಟ್ಟು ಬಂದರೆ ನಮ್ಮ ಅಜ್ಜಿಯ ಹಾಗೆಯೇ ಬೈಯುತ್ತಿದ್ದಳು. "ಎಲ್ಲಿ ಸತ್ತಿದ್ದಿ ಇಷ್ಟೊತ್ತನಾ? ಬಾಗ್ಲಾ ಕಾಯ್ಲಾಕ ನಾ ಏನ್ ನಿಮ್ಮಪ್ಪನ ಸಿಪಾಯಿ ಏನು?"

ನನಗೆ ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಮರಾಠಿ. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೂ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದೆ. ಮಂಜರಿಯ ಮಾತು ಮಾತ್ರ ಬಾಯಿಪಾಠ, ಮೌಶಿಯ ಮನೆಯಲ್ಲಿ ಅದೇ ಕನ್ನಡ ಆಡುತ್ತಿದ್ದೆ. ಬಟ್ಟೆ ಒಣಹಾಕುವ ಹಗ್ಗವನ್ನೇ ಲಗಾಮು ಮಾಡಿಕೊಂಡು ನಾನೂ ಪಲ್ಲವಿಯೂ ಟೆರೇಸಿನ ತುಂಬ ಕುದುರೆ ಓಡಿಸುತ್ತಿದ್ದೆವು. ಖುಲ್ತಾಬಾದ್‌ಗೆ ಹೋಗುವ ಬಸ್ಸು ಕೋಟೆಯ ಪಕ್ಕ ಹಾದಾಗ, ಮಂಜರಿ ಹೊರಟುಹೋದ ಬಾಗಿಲು ಯಾವುದೆಂದು ಹುಡುಕುತ್ತಿದ್ದೆವು.

ಹೌದು, ಕೊನೆಗೆ ಅವಳು ಹೊರಟುಹೋಗುತ್ತಾಳೆ. ಸಾರಂಗ ಮಂತ್ರಿಯ ಮಗಳ ಕೈ ಹಿಡಿದು, ನಿನ್ನನ್ನೂ ಎರಡನೆಯವಳಾಗಿ ಇಟ್ಟುಕೊಳ್ಳುತ್ತೇನೆ ಎಂದಾಗ, ಅವನ ಕುದುರೆಯನ್ನೇ ಬಿಚ್ಚಿಕೊಂಡು, ಗೋದಾವರಿ ದಾಟಿ, ಕಲ್ಯಾಣಕ್ಕೆ ಹೋಗುತ್ತಾಳೆ.

ಮುಂದಿನ ಬೇಸಿಗೆಗೆ ಆ ಕಥೆ ಟಿವಿಗೆ ಬಂತು. ಸಂಜೆ ಎಲ್ಲರ ಮನೆಯಲ್ಲೂ ಅದೇ ಸೀರಿಯಲ್. ಮರುದಿನ ಬೆಳಿಗ್ಗೆ ಟೆರೇಸಿನಲ್ಲಿ ಸಂಡಿಗೆ ಹಾಕುತ್ತ ಹೆಂಗಸರ ಜಗಳ. ಪುಸ್ತಕದ ಮಂಜರಿ ಕಪ್ಪು, ಇವಳೇಕೆ ಇಷ್ಟು ಬೆಳ್ಳಗೆ ಎಂದು ಕೆಲವರು. ಓದಿದ್ದಕ್ಕಿಂತ ನೋಡುವುದಕ್ಕೇ ಚೆಂದ ಎಂದು ಕೆಳಗಿನ ಮನೆಯ ಮಹಾದೇವಿ ಅಕ್ಕ. ಅವರು ಕಲಬುರಗಿಯವರು, ಸೋಲಾಪುರದಲ್ಲಿ ಬೆಳೆದು ಮರಾಠಿಯಲ್ಲೇ ಓದಿದವರು. ಪುಸ್ತಕದ ಪಕ್ಷದಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ನನ್ನದು. ಟಿವಿಯ ಮಂಜರಿ ಬೈಯುವುದೇ ಇಲ್ಲ, ಬರೀ ಅಳುತ್ತಾಳೆ ಎಂದು ದಿನವೂ ತಕರಾರು ತೆಗೆಯುತ್ತಿದ್ದೆ. ಮೌಶಿ ಸಂಡಿಗೆ ಒತ್ತುತ್ತ, "ಪುಸ್ತಕದ ಮಜಾನೇ ಬ್ಯಾರೆ ಬಿಡ್ರಿ" ಎನ್ನುವಳು. ನನಗೆ ಅಷ್ಟೇ ಬಲ ಸಾಕಿತ್ತು.

ಕೊನೆಯ ಕಂತಿನಲ್ಲಿ ಮಂಜರಿ ಮಂತ್ರಿಯ ಮಗಳ ಕಾಲಿಗೆ ಬಿದ್ದು, ಎರಡನೆಯವಳಾಗಿ ಆ ಮನೆಯ ಹೊಸ್ತಿಲು ದಾಟಿದಳು. ನಾನು ತಾಟು ಸರಿಸಿ ಎದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಟೆರೇಸಿನಲ್ಲಿದ್ದೆ.

"ಸೀರಿಯಲ್‌ನವರು ಪೂರಾ ಹಾಳ್ ಮಾಡ್ಯಾರ. ಪುಸ್ತಕದಾಗ ಆಕಿ ಹೊಂಟೇ ಹೋಗ್ತಾಳ."

"ಎಲ್ಲಿಗಿ ಹೋಗ್ತಾಳವ್ವಾ?" ಮಹಾದೇವಿ ಅಕ್ಕ ಕೇಳಿದರು.

"ಕಲ್ಯಾಣಕ್ಕ. ಅವನ ಕುದುರಿ ತಗೊಂಡು."

"ನಾನೂ ಓದೀನಿ ತಂಗಿ. ಪುಸ್ತಕದಾಗೂ ಎರಡನೇದಾಕಿ ಆಗೇ ಇರ್ತಾಳ. ಕಲ್ಯಾಣದ ಹೆಸರೇ ಇಲ್ಲ ಅದ್ರಾಗ."

"ಸುಳ್ಳ ಹೇಳಬ್ಯಾಡ್ರಿ. ನಮ್ ಮೌಶಿ ಓದ್ಯಾಳ. ಮೌಶಿ, ಹೇಳು ಇವರಿಗಿ."

ಎಲ್ಲರೂ ಮೌಶಿಯ ಕಡೆ ತಿರುಗಿದರು. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಅಕ್ಕಾರು ಹೇಳೋದೇ ಖರೆ ಅದ. ಈ ಹುಡುಗಿ ನಿದ್ದಿಗಣ್ಣಾಗ ಏನ್ ಕೇಳ್ಯಾಳೋ ಏನೋ" ಎಂದು ನಕ್ಕಳು.

ಎಲ್ಲರೂ ನಕ್ಕರು. ನಾನು ಪಲ್ಲವಿಯನ್ನು ನೋಡಿದೆ. ಅವಳು ತಲೆ ಎತ್ತದೆ ಸಂಡಿಗೆ ತಿರುವಿ ಹಾಕುತ್ತಿದ್ದಳು.

ಕೆಳಗೆ ಓಡಿಬಂದು ಕಪಾಟಿನಿಂದ ಕೊನೆಯ ಭಾಗ ತೆಗೆದು, ತಡವರಿಸುತ್ತ ಓದಿದೆ. ಮಹಾದೇವಿ ಅಕ್ಕ ಹೇಳಿದಂತೆಯೇ ಇತ್ತು. ಕುದುರೆ ಇರಲಿಲ್ಲ, ನದಿ ಇರಲಿಲ್ಲ. ಆ ಮಂಜರಿ ಕಲ್ಯಾಣದವಳೂ ಅಲ್ಲ.

ಅಡುಗೆಮನೆಯಲ್ಲಿ ಮೌಶಿ ಶೇಂಗಾ ಹುರಿಯುತ್ತಿದ್ದಳು.

"ಯಾಕ ಸುಳ್ಳ ಹೇಳ್ದಿ?"

"ಯಾವುದು?"

"ಎರಡೂ."

ಅವಳು ಒಲೆಯ ಉರಿ ತಗ್ಗಿಸಿದಳು. "ಪುಸ್ತಕದಾಗ ಇದ್ದಂಗ ಹೇಳಿದ್ರ ನನಗೇ ಸಂಕಟ ಆಗ್ತಿತ್ತು. ಎರಡು ಹೆಣ್ಣುಹುಡುಗ್ಯಾರನ ಬಗಲಾಗ ಹಾಕೊಂಡು ಅದನ್ನ ಹ್ಯಾಂಗ ಹೇಳ್ಲಿ?"

"ಮತ್ತ ಮ್ಯಾಲ, ಎಲ್ಲಾರ ಮುಂದ?"

"ನಿನ್ನ ಕಡಿ ನಿಂತ್ರ, ನನಗ ಮರಾಠಿ ಓದ್ಲಾಕೇ ಬರಲ್ಲ ಅಂತ ಆಡ್ಕೋತಿದ್ರು. ನಾ ಇವರ ನಡುವ ಬಾಳೇ ಮಾಡ್ಬೇಕು. ನೀ ಸಣ್ಣಾಕಿ, ನಿನಗ ಯಾರು ಏನಂತಾರ?"

ಬಿಸಿ ಶೇಂಗಾ ನನ್ನ ಕೈಗೆ ಹಾಕಲು ಬಂದಳು. ನಾನು ಕೈ ಚಾಚಲಿಲ್ಲ.

ಅಂದು ಮಧ್ಯಾಹ್ನ ಅವಳು ಪುಸ್ತಕ ತೆರೆಯಲಿಲ್ಲ, ನಾವು ಕೇಳಲೂ ಇಲ್ಲ. ಆಮೇಲಿನ ಬೇಸಿಗೆಗಳಲ್ಲಿ ಆ ಮನೆಗೆ ಹೋದೆ, ಟಿವಿ ನೋಡಿದೆ, ಬಂದೆ. ಮೌಶಿ ಮಾಡಿ ಬಡಿಸಿದ್ದೆಲ್ಲ ಉಂಡೆ. ಅವಳು ಹೇಳಿದ್ದನ್ನು ನಂಬುವುದು ಮಾತ್ರ ಮತ್ತೆ ಆಗಲಿಲ್ಲ.

ಬರೆಯುವ ಕನ್ನಡವನ್ನು ದೊಡ್ಡವಳಾದ ಮೇಲೆ ಕಷ್ಟಪಟ್ಟು ಕಲಿತೆ. ಬೈಯುವ, ರಮಿಸುವ ಕನ್ನಡ ಇಂದಿಗೂ ಮಂಜರಿಯಿಂದ ಕಲಿತಷ್ಟೇ. ಆ ಸೀರಿಯಲ್ ಈಗ ಫೋನಿಗೂ ಬಂದಿದೆ. ಪುಸ್ತಕ ಮೇಲೋ ಸೀರಿಯಲ್ ಮೇಲೋ ಎಂದು ಹೊಸ ಹುಡುಗಿಯರು ಅದರ ಕೆಳಗಿನ ಕಾಮೆಂಟುಗಳಲ್ಲೂ ಜಗಳವಾಡುತ್ತಾರೆ. ಓದುತ್ತ ಕೂತಾಗ ನನ್ನ ಮಂಜರಿಯ ಪರ ನಿಲ್ಲೋಣ ಎನಿಸಿತು. ಆದರೆ ಕಥೆಯ ವಿವರಗಳೆಲ್ಲ ನೆನಪಿನಿಂದ ಅಳಿಸಿಹೋಗಿದ್ದವು. ಮೌಶಿಗೆ ಫೋನ್ ಮಾಡಿದೆ.

"ಮಂಜರಿ ಕುದುರಿ ತಗೊಂಡು ಗೋದಾವರಿ ಹ್ಯಾಂಗ ದಾಟಿದ್ಲು, ಮೌಶಿ?"

"ಯಾವ ಕುದುರಿ?" ಅವಳ ದನಿಯಲ್ಲಿ ನಾಟಕವಿರಲಿಲ್ಲ. "ಆಕಿ ಪಾಪ ಅಲ್ಲೇ ಇರ್ತಾಳಲ್ಲ. ಈಗ ಫೋನಿನ್ಯಾಗ ಮತ್ತ ನೋಡ್ಲತ್ತೀನಿ. ಚಲೋ ಮಾಡ್ಯಾರ."

ಪಲ್ಲವಿಯನ್ನೂ ಕೇಳಿದೆ. ಅಂಥದೊಂದು ಕಥೆಯಿತ್ತು ಎಂಬುದಷ್ಟೇ ಅವಳಿಗೆ ನೆನಪು. ಆ ನದಿಯ ದಂಡೆಯಲ್ಲಿ ಅಂಬಿಗನಿಗೂ ಮಂಜರಿಗೂ ಏನೋ ಮಾತಾಗಿ, ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ನಕ್ಕಿದ್ದು ನನಗೆ ನೆನಪಿದೆ. ಮಂಜರಿ ಏನೆಂದಳು, ಹೇಗೆ ದಾಟಿದಳು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ.