ನಮ್ಮವರ ಉಕ್ಕಿನ ರಾಕೆಟ್ಟು

ದುಬಾರಿ ರಾಕೆಟ್ಟು ಹಿಡಿದರೆ ಸಾದಾ ಆಟಗಾರನ ಆಟ ಸುಧಾರಿಸುತ್ತದೆಯೇ ಎಂಬ ಪ್ರಶ್ನೆ ನಮ್ಮ ಮನೆಯ ಕಟ್ಟೆಯ ಮೇಲೆ ವರ್ಷಗಟ್ಟಲೆ ಚರ್ಚೆಯಾಗಿದೆ. ಚರ್ಚೆ ಮಾಡಿದವರಿಗೆಲ್ಲ ಚಹಾ ಕಾಸಿ ಕೊಟ್ಟವಳು ನಾನು. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ನನಗೂ ಇದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾವಾಗ ಇಳಕಲ್ಲಿನಲ್ಲಿದ್ದೆವು. ನಮ್ಮವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಗಂಡನ ಹೆಸರನ್ನು ನಾನು ಆಗಲೂ ಹೇಳುತ್ತಿರಲಿಲ್ಲ, ಈಗಲೂ ಹೇಳುವುದಿಲ್ಲ. ಸಂಜೆ ಆಫೀಸು ಬಿಟ್ಟ ಮೇಲೆ ಶಟ್ಲು ಆಡುವುದೊಂದೇ ಅವರ ಚಟ. ಮಗ್ಗದ ಓಣಿಯ ಹಿಂದಿನ ಬಯಲಿನಲ್ಲಿ ನೆಲ ಸಾರಿಸಿ, ಸುಣ್ಣದ ಗೆರೆ ಎಳೆದು, ಎರಡು ಕಂಬಕ್ಕೆ ಬಲೆ ಕಟ್ಟಿಕೊಂಡಿದ್ದರು. ಗಾಳಿ ಬೀಸಿದರೆ ಶಟ್ಲು ಯಾರದೋ ಮಾಳಿಗೆಯ ಮೇಲೆ ಹೋಗಿ ಬೀಳುತ್ತಿತ್ತು. ತಪ್ಪದೆ ಆಡುವವರು ಮೂವರು: ನಮ್ಮವರು, ಪಕ್ಕದ ಮನೆಯ ಸೀರೆ ಅಂಗಡಿಯ ಸಾವಕಾರರು, ಹೈಸ್ಕೂಲಿನ ಪಿ.ಟಿ. ಮಾಸ್ತರರು. ಮಾಸ್ತರರ ಆಟ ಭಾರಿ, ಸಾವಕಾರರದು ನಡುವಿನದು, ನಮ್ಮವರದು... ಹೋಗಲಿ ಬಿಡಿ, ಗಂಡನ ಆಟ.

ಮೂವರ ಕೈಯಲ್ಲೂ ಪೂರಾ ಕಟ್ಟಿಗೆಯ ರಾಕೆಟ್ಟು. ತೇವ ತಾಕಿದರೆ ಸೊಟ್ಟಗಾಗುತ್ತದೆಂದು ಅದನ್ನು ಸ್ಕ್ರೂ ಇರುವ ಚೌಕಟ್ಟಿನಲ್ಲಿ ಬಿಗಿದು ಗೋಡೆಗೆ ನೇತುಹಾಕಬೇಕಿತ್ತು. ಆಗ ಹೊಸದಾಗಿ ಉಕ್ಕಿನ ಕೋಲಿನ ರಾಕೆಟ್ಟು ಬಂದಿತ್ತು. ಹಿಡಿಕೆಗೂ ಮೇಲಿನ ಜಾಳಿಗೆಗೂ ನಡುವೆ ಬೆರಳು ಗಾತ್ರದ ಉಕ್ಕಿನ ಕೋಲು. ಮಾಸ್ತರರು ಅದಕ್ಕೆ ಶಾಫ್ಟ್ ಅನ್ನುತ್ತಿದ್ದರು, ಅನ್ನುವಾಗ ಅವರ ಬಾಯಲ್ಲಿ ನೀರೂರುತ್ತಿತ್ತು. ನಮ್ಮವರು ನಗುತ್ತಿದ್ದರು.

"ಕುಣೀಲಾರದಾಕಿ ನೆಲ ಡೊಂಕ ಅಂದಳಂತ. ನಮ್ಮಂಥವ್ರಿಗೆ ಯಾಕ ಬೇಕ್ರಿ ಮಾಸ್ತರ ಅಷ್ಟ ತುಟ್ಟೀದು? ಕೈಯಾಗ ಇದ್ರ ಕೋಲಿನಾಗ ಬರತೈತಿ."

ಆ ಮಳೆಗಾಲದಲ್ಲಿ ನಮ್ಮ ಮಗ ಹೋದ. ಒಬ್ಬನೇ ಮಗ. ಬಾಗಲಕೋಟೆಯ ಕಾಲೇಜಿನಲ್ಲಿ ಓದುತ್ತಿದ್ದ. ಕಾಮಣಿಯಾಗಿ, ಕಣ್ಣೆಲ್ಲ ಹಳದಿಯಾಗಿ ಊರಿಗೆ ಬಂದ. ನಾಟಿ ಔಷಧ, ದವಾಖಾನೆ ಎರಡೂ ಆದವು, ಯಾವುದೂ ಕೈಹಿಡಿಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಇವತ್ತಿಗೂ ಆಗದು.

ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ. ಮಣ್ಣು ಕೊಟ್ಟು ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂಡಬಹುದು. ನಮ್ಮವರು ಹಾಗೇ ಕೂತರು. ಮೂರನೆಯ ದಿನ ಆಫೀಸಿಗೂ ಹೋದರು. ಕಣ್ಣಲ್ಲಿ ಒಂದು ಹನಿ ಇಲ್ಲ. ತಾಟು ಇಟ್ಟರೆ ಉಂಡರು, ಇಡದಿದ್ದರೆ ಕೇಳಲಿಲ್ಲ. ನಾನು ಜೋಳದ ಹಿಟ್ಟು ಕಲಸುವಾಗ ಕೈ ತಾನಾಗಿ ಅವನ ಪಾಲಿನದನ್ನೂ ತೆಗೆದುಕೊಳ್ಳುತ್ತಿತ್ತು, ಅಲ್ಲೇ ಒಲೆಯ ಮುಂದೆ ಬಿಕ್ಕುತ್ತಿದ್ದೆ. ಅತ್ತು ಸಾಕಾಗಿ ಅವರ ಮುಖ ನೋಡಿದರೆ ಬರೀ ಗೋಡೆ. ತಿಂಗಳುಗಳು ಹೀಗೇ ಹೋದವು. ಮಗ ಹೋದ, ಇನ್ನು ಇವರೂ ಕೂತಲ್ಲೇ ಕರಗಿ ಹೋಗುತ್ತಾರೆ ಎಂದು ನನಗೆ ದಿಗಿಲು ಹತ್ತಿತು.

ಸಾವಕಾರರು ವ್ಯಾಪಾರಕ್ಕೆಂದು ಮುಂಬೈಗೆ ಹೋಗಿ ಬಂದವರು ಒಂದು ಸಂಜೆ ಸೀದಾ ನಮ್ಮ ಪಡಸಾಲೆಗೆ ಬಂದರು. ಇವರ ತೊಡೆಯ ಮೇಲೆ ಒಂದು ಉಕ್ಕಿನ ರಾಕೆಟ್ಟು ಇಟ್ಟರು.

"ನಿನ್ನ ಸಲುವಾಗಿ ತಂದೇನಿ. ಒಂದ್ ಸಲ ಹಿಡದ್ ನೋಡೋ ಮಾರಾಯ. ಆಮ್ಯಾಲೆ ಬ್ಯಾಡಾದ್ರ ಬಾವಿಗೆ ಒಗಿ."

ಇವರು ಅದನ್ನೇ ದಿಟ್ಟಿಸುತ್ತ ಕೂತರು. ಆಮೇಲೆ ಏನನ್ನಿಸಿತೋ, ಎದ್ದು ಚಪ್ಪಲಿ ಮೆಟ್ಟಿ ಹೊರಟರು. ದೀಪ ಹಚ್ಚುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಬಂದರು.

"ಏ, ಇವತ್ತ ಮಾಸ್ತರನ್ನ ಸೋಲಿಸಿದೆ. ಕೋಲಿನ ಗುಣ ಐತಿ ನೋಡು."

ಮಗ ಹೋದ ಮೇಲೆ ಅವರಾಗಿಯೇ ಆಡಿದ ಮೊದಲ ಮಾತು ಅದು. ನನಗೆ ಮೈಯೆಲ್ಲ ಉರಿಯಿತು. ಬೆಂಕಿ ಬೀಳಲಿ ಆ ಕೋಲಿಗೆ! ಕೂಸನ್ನು ಮಣ್ಣಿಗಿಟ್ಟವರ ಬಾಯಲ್ಲಿ ಗೆದ್ದೆ ಎಂಬ ಮಾತು ಹೇಗೆ ಬಂತು? ಏನೋ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಾಟು ಮುಂದಕ್ಕೆ ಸರಿಸಿ, "ಇನ್ನೊಂದ್ ರೊಟ್ಟಿ ಹಾಕು" ಅಂದರು. ಹಾಕಿದೆ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ಸಿಟ್ಟಿಗೆ ಅತ್ತೆನೋ ಸಮಾಧಾನಕ್ಕೆ ಅತ್ತೆನೋ ನನಗೇ ತಿಳಿಯಲಿಲ್ಲ.

ಅಂದಿನಿಂದ ದಿನವೂ ಹೋದರು. ದಿನವೂ ಅಲ್ಲದಿದ್ದರೂ ಹೆಚ್ಚಿನ ದಿನ ಗೆದ್ದು ಬಂದರು. ಊಟಕ್ಕೆ ಕೂತರೆ ಸಾರಿನ ಸವಟು ಹಿಡಿದು, ಮಣಿಕಟ್ಟು ಹೇಗೆ ತಿರುವಬೇಕು, ಕೋಲು ಹೇಗೆ ಬಳುಕಿ ಶಟ್ಲನ್ನು ಒಗೆಯುತ್ತದೆ ಎಂದು ನನಗೆ ಪಾಠ. ನೆಲದ ತುಂಬ ಸಾರಿನ ಹನಿ, ಒರೆಸುವವಳು ನಾನು.

"ಭಾಳ ಛಲೋ ಆಡಾವ್ರಿಗೆ ಕಟಗೀದಾದ್ರೂ ನಡೀತೈತಿ," ಅನ್ನುತ್ತಿದ್ದರು. "ನಮ್ಮಂಥ ಸಾದಾ ಮಂದಿಗೇ ಇದು ಬೇಕು. ನಮ್ಮ ಕೈಯಾಗ ಇಲ್ಲದ್ದನ್ನ ಕೋಲು ಕೊಡತೈತಿ."

"ಹಂಗಾರ ನೆಲ ಡೊಂಕ ಅಂದಾಕಿ ಎಲ್ಲಿ ಹೋದ್ಲು?" ಎಂದು ಚುಚ್ಚಿದೆ.

"ಆಕಿಗೆ ಈಗ ನೆಲ ಸಪಾಟ ಮಾಡಿಕೊಟ್ಟಾರ, ಕುಣ್ಯಾಕತ್ತಾಳ."

ಅಂದು ಇಬ್ಬರೂ ನಕ್ಕೆವು. ನಕ್ಕದ್ದಕ್ಕೆ ಆಮೇಲೆ ಒಲೆಯ ಮುಂದೆ ಕೂತು ನನ್ನನ್ನೇ ಬೈದುಕೊಂಡೆ.

ಹೀಗೆ ನಾನೂ ಆ ಕೋಲನ್ನು ನಂಬತೊಡಗಿದೆ. ಖಣದ ಬಟ್ಟೆ ಹೊಲಿದು ಅದಕ್ಕೊಂದು ಚೀಲ ಮಾಡಿಕೊಟ್ಟೆ. ಮಗ ಹೋಗಿ ವರ್ಷ ತುಂಬಿದಾಗ ಶಿವಯೋಗ ಮಂದಿರಕ್ಕೆ ಹೋಗಿ ಅವನ ಹೆಸರಿನಲ್ಲಿ ಪ್ರಸಾದಕ್ಕೆ ಕೊಟ್ಟು ಬಂದೆವು. ಮಲಪ್ರಭೆಯ ದಂಡೆಯಲ್ಲಿ ನಾನು ನೀರು ನೋಡುತ್ತ ಕೂತಿದ್ದರೆ ಇವರು ಪಕ್ಕದಲ್ಲಿ ನಿಂತು ಬರಿಗೈ ಬೀಸುತ್ತಿದ್ದರು. ಸಾವಕಾರನಿಗೆ ಎಡಕ್ಕೆ ಹಾಕಿದರೆ ಎತ್ತಲು ಆಗುವುದಿಲ್ಲ ಎಂದು ಹೇಳುತ್ತಿದ್ದರು. ಮಗನ ಸುದ್ದಿ ಎತ್ತಲೇ ಇಲ್ಲ. ಹುಚ್ಚಪ್ಪ, ಹೀಗಾದರೂ ಉಸಿರಾಡಿಕೊಂಡಿರಲಿ ಎಂದು ನಾನು ಸುಮ್ಮನಾದೆ.

ಆ ವರ್ಷದ ಚಳಿಗಾಲದಲ್ಲಿ ಬಾಗಲಕೋಟೆಯಲ್ಲಿ ನಲವತ್ತು ದಾಟಿದವರಿಗೆ ಪಂದ್ಯ ಇಟ್ಟರು. ಇವರು ಯಾರಿಗೂ ಹೇಳದೆ ಕೇಳದೆ ಹೆಸರು ಕೊಟ್ಟು ಬಂದರು. ಆ ಸುದ್ದಿ ತಿಳಿದ ಮರುದಿನ, ಇವರು ಆಫೀಸಿಗೆ ಹೋದ ಹೊತ್ತು ನೋಡಿ, ಪಿ.ಟಿ. ಮಾಸ್ತರರು ಮನೆಗೆ ಬಂದರು. ಕೂಡ್ರಿ ಅಂದರೆ ಕೂಡಲಿಲ್ಲ.

"ವೈನಿ, ಹೆಂಗರ ಮಾಡಿ ಅವರನ್ನ ಬಿಡಸ್ರಿ. ಬಾಗಲಕೋಟಿಗೆ ಹೋಗೂದು ಬ್ಯಾಡ."

"ಯಾಕ್ರಿ? ನಿಮ್ಮಂಥವ್ರನ್ನ ಸೋಲಸತಾರ. ಅಲ್ಲಿ ಮಂದಿ ಏನ್ ಸ್ವರ್ಗದಿಂದ ಇಳದ್ ಬಂದಾರೇನು?"

ಮಾಸ್ತರರು ನೆಲ ನೋಡಿದರು. "ಅದ ಮಾತು, ವೈನಿ. ಅವರು ಗೆಲ್ಲವಲ್ರು. ನಾವ ಸೋಲಾಕತ್ತೇವಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ಬಿಡಿಸಿ ಹೇಳಿದರು. ರಾಕೆಟ್ಟು ತಂದುಕೊಟ್ಟ ದಿನ ಸಾವಕಾರರೂ ಮಾಸ್ತರರೂ ಮಾತಾಡಿಕೊಂಡಿದ್ದರಂತೆ, ಒಂದಿನ ಗೆಲ್ಲಿಸೋಣ, ನಾಳೆಯೂ ಬಂದಾರು ಎಂದು. ನಮ್ಮವರು ಮರುದಿನವೂ ಹೋದರು. ಗೆಳೆಯರಿಬ್ಬರೂ ಮತ್ತೆ ಸೋತರು. ಹೀಗೇ ನಡೆಯಿತು.

"ಒಂದ ವರ್ಷದ ಮ್ಯಾಲ ಆತಲ್ರಿ!" ಅಂದೆ. "ನಿಲ್ಲಸಾಕ ಏನ್ ಧಾಡಿ ಆಗಿತ್ತು ನಿಮಗ?"

"ಯಾವತ್ತ ನಿಲ್ಲಸೂದ್ರಿ ವೈನಿ? ನೀವರ ಹೇಳ್ರಿ. ಇವತ್ತಿಗೆ ಇವರ ದುಃಖ ಮುಗೀತು, ನಾಳಿಂದ ಬಿರುಸ ಹೊಡೀಬಹುದು ಅಂತ ಯಾವ ದಿನ ಅನ್ನೂದು? ರಾಕೆಟ್ ಎತ್ತಿದ್ರ ಹುಡಗನ ಮಾರಿ ಕಣ್ಣ ಮುಂದ ಬರತೈತಿ. ಕೈ ತಾನ ಸಡ್ಲ ಬೀಳತೈತಿ."

ಸೂತಕ ಹಿಡಿಯುವವರ ಮನೆಯಲ್ಲಿ ಅದು ಕಳೆಯುವ ದಿನವೂ ಇರುತ್ತದೆ. ಅಂದು ಮನೆ ಸಾರಿಸಿ, ತಲೆಗೆರೆದುಕೊಂಡು, ನಂಟರನ್ನು ಕೂಡಿಸಿ ಉಣ್ಣುತ್ತಾರೆ. ಆಯಿತು, ಇನ್ನು ನೀವೂ ನಮ್ಮ ಹಾಗೆ ಎಂದು ಊರೇ ಹೇಳಿದಂತೆ. ನಮಗೆ ಆ ಮೈಲಿಗೆಯೂ ಇಲ್ಲ, ಅದು ಕಳೆಯುವ ದಿನವೂ ಇಲ್ಲ. ನಿಲ್ಲಿಸುವ ದಿನ ಯಾವುದೆಂದು ಗೊತ್ತಾಗದೆ ಇಬ್ಬರು ಒಳ್ಳೆಯ ಮನುಷ್ಯರು ಸೋಲುತ್ತಲೇ ಹೋಗಿದ್ದರು. ಅವರನ್ನು ಏನೆಂದು ಬಯ್ಯುವುದು?

ಬಿಡಿಸಲು ನಾನು ಮಾಡದ ಉಪಾಯವಿಲ್ಲ. ಚಳಿ ಅಂದೆ, ನನಗೆ ಮೈಯಲ್ಲಿ ಆರಾಮಿಲ್ಲ ಅಂದೆ, ಈ ವಯಸ್ಸಿಗೆ ಪಂದ್ಯವೆಂದರೆ ಜನ ನಗುತ್ತಾರೆ ಅಂದೆ.

"ನೀನೂ ಬಾ," ಅಂದರು. "ಒಂದ್ ದಿನಾನೂ ನನ್ನ ಆಟ ನೋಡಿಲ್ಲ ನೀ."

ನಿಜ ಹೇಳಿದರೆ ಮತ್ತೆ ಆ ಗೋಡೆಯಂಥ ಮುಖ. ಹೇಳದಿದ್ದರೆ ಬಾಗಲಕೋಟೆಯಲ್ಲಿ ನಾಲ್ಕು ಜನರೆದುರು ಮುಖಭಂಗ. ಎದುರಾಳಿಗೆ ಜ್ವರ ಬರಲಿ, ಬಸ್ಸು ತಪ್ಪಲಿ ಎಂದು ಯಾರೋ ಅರಿಯದವರಿಗೆ ಕೇಡು ಬಯಸುತ್ತ ಇವರ ಜೊತೆ ಹೊರಟೆ. ಸಾವಕಾರರಿಗೆ ಅಂಗಡಿ ಬಿಡಲಾಗದಂತೆ, ಮಾಸ್ತರರಿಗೆ ಶಾಲೆಯಂತೆ. ಇಬ್ಬರೂ ಬರಲಿಲ್ಲ.

ಎದುರಾಳಿಗೆ ಜ್ವರ ಬಂದಿರಲಿಲ್ಲ. ಬೋಳು ತಲೆಯ, ಹೊಟ್ಟೆ ಬಂದ, ನಗೆಮೊಗದ ಮನುಷ್ಯ. ಅವನ ಕೈಯಲ್ಲೂ ಅಂಥದೇ ಉಕ್ಕಿನ ರಾಕೆಟ್ಟು. ಆಟ ಶುರುವಾಯಿತು. ಅವನು ಅಂಥ ಹುಲಿಯೇನೂ ಅಲ್ಲ, ಇವರ ಹಾಗೇ ಸಂಜೆ ಹೊತ್ತು ಕಳೆಯಲು ಆಡುವವನು. ಆದರೆ ಅವನಿಗೆ ನಮ್ಮ ಮಗ ಸತ್ತದ್ದು ಗೊತ್ತಿರಲಿಲ್ಲ. ಇವರು ಎತ್ತಿಕೊಟ್ಟದ್ದನ್ನೆಲ್ಲ ಪಟ್ ಎಂದು ಕಾಲ ಬುಡಕ್ಕೆ ಬಾರಿಸಿದ. ಇಳಕಲ್ಲಿನಲ್ಲಿ ಅಷ್ಟು ದಿನ ಯಾರೂ ಬಾರಿಸದ ಶಟ್ಲು ಅದು. ಇವರು ಪ್ರತಿ ಸಲವೂ ಶಟ್ಲನ್ನು ಬಿಟ್ಟು ರಾಕೆಟ್ಟಿನ ಕೋಲು ನೋಡುತ್ತಿದ್ದರು. ಕಣ್ಣಿನ ಸಮಕ್ಕೆ ಹಿಡಿದು ಬಾಗಿದೆಯೋ ಎಂದು ನೋಡಿದರು. ಮೊದಲ ಆಟ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ಸುತ್ತಲಿನ ಹುಡುಗರು ಕಿಸಕ್ಕನೆ ನಕ್ಕರು.

ನಡುವೆ ಸ್ವಲ್ಪ ಬಿಡುವಿತ್ತು. ಎದುರಾಳಿ ಮೂಲೆಯ ನೀರಿನ ಹರವಿಯ ಹತ್ತಿರ ಹೋದ. ನಾನು ಎದ್ದೆ. ಕಾಲು ತಾನಾಗಿ ಅವನತ್ತ ನಡೆಯಿತು. ಇವರ ಮಗ ಹೋಗಿದ್ದಾನೆ, ಇದೊಂದು ಆಟ ಬಿಟ್ಟುಕೊಡಿ ಎಂಬ ಮಾತು ನಾಲಗೆಯ ಮೇಲೆ ಬಂದು ನಿಂತಿತ್ತು.

"ಏನ್ರಿ ಅಕ್ಕಾರ?" ಅಂದ ಆ ಮನುಷ್ಯ, ನಗುತ್ತ.

ಹಿಂದೆ ತಿರುಗಿದೆ. ನಮ್ಮವರು ನನ್ನನ್ನೇ ನೋಡುತ್ತ ನಿಂತಿದ್ದರು.

"ಏನಿಲ್ಲರಿ. ನೀರು," ಅಂದೆ. ಅವನು ವಾಟೆ ತುಂಬಿ ಕೊಟ್ಟ. ಕುಡಿದು ಬಂದು ಕೂತೆ. ಎರಡನೆಯ ಆಟದಲ್ಲಿ ಇವರು ಕೋಲು ನೋಡಲಿಲ್ಲ. ಬಿದ್ದು ಎದ್ದು ಓಡಾಡಿದರು, ಮೊಣಕಾಲು ತರಚಿಕೊಂಡರು. ಅದನ್ನೂ ಸೋತರು. ಅವನ ಕೈ ಕುಲುಕಿ, "ಛಲೋ ಆಡಿದ್ರಿ," ಅಂದರು.

ಹಿಂದಿರುಗುವ ಬಸ್ಸು ಅಮೀನಗಡ ದಾಟಿತು. ಆಮೇಲೆ ಇವರು ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದರು.

"ಅವಗ ಏನ್ ಹೇಳಾಕ ಹೋಗಿದ್ದಿ?"

"ನೀರು..."

"ಖರೆ ಹೇಳು."

"ನಮ್ಮ ಹುಡಗನ ಸುದ್ದಿ ಹೇಳಾಕ ಹೋಗಿದ್ದೆ."

ರಾಕೆಟ್ಟಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. "ಸಾವಕಾರಗ, ಮಾಸ್ತರಗ ಅದನ್ನ ಯಾರೂ ಹೇಳೂದು ಬೇಕಿರಲಿಲ್ಲ. ಅಲ್ಲೇನು?"

"ಹೂಂ."

"ಮೊದಲ ದಿನದಿಂದನಾ?"

"ಹೂಂ. ನನಗೂ ಮೊನ್ನಿ ಮೊನ್ನಿ ಗೊತ್ತಾತು."

ಗೆಳೆಯರ ಮೇಲೆ ಸಿಟ್ಟಾಗುತ್ತಾರೆ, ನನ್ನ ಮೇಲೆ ಹರಿಹಾಯುತ್ತಾರೆ ಎಂದು ಕಾದೆ. ಹಾಗೇನೂ ಆಗಲಿಲ್ಲ.

"ಗೆದ್ದ ಬಂದ ದಿನ ನನಗ ಅನಸತಿತ್ತು," ಅಂದರು. "ಏನೂ ಆಗಿಲ್ಲ, ಅಂವ ಬಾಗಲಕೋಟ್ಯಾಗ ಓದಾಕತ್ತಾನ, ಕಾಲೇಜ ಸೂಟಿ ಬಿಟ್ಟಾಗ ಬರತಾನ ಅಂತ." ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ಖರೇನ ಹೋಗ್ಯಾನ ನಮ್ಮ ಹುಡಗ," ಅಂದರು.

ಹಾಗೆ ಅಂದವರೇ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತರು. ನಡುವಯಸ್ಸಿನ ಗಂಡಸು, ತುಂಬಿದ ಬಸ್ಸು. ಕಂಡಕ್ಟರು ಟಿಕೆಟ್ಟು ಕೊಡುವುದನ್ನು ಬಿಟ್ಟು ನಿಂತ. ನಾನು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ, ಸುಮ್ಮನಿರ್ರಿ ಎಂದು ಒಂದು ಸಲವೂ ಅನ್ನಲಿಲ್ಲ.

ಹುನಗುಂದದಲ್ಲಿ ಬಸ್ಸು ನಿಂತಿತು. ಅಲ್ಲಿ ಹತ್ತಿದ ಹೆಂಗಸೊಬ್ಬಳು ಇವರನ್ನು ನೋಡಿ ಗಾಬರಿಯಾಗಿ, ಏನಾತ್ರಿ ಯವ್ವಾ ಎಂದು ಕೇಳಿದಳು.

"ನಮ್ಮ ಮಗ ತೀರಿಕೊಂಡಾನ್ರಿ," ಅಂದೆ.

"ಅಯ್ಯ ಶಿವನ! ಯಾವಾಗ್ರಿ?"

"ಇವತ್ತ," ಅಂದೆ.