ಗೋಡೆಯ ಮೇಲಿನ ಮುಸ್ಯಾ

ಆ ರವಿವಾರ ಕಲಬುರಗಿಯ ನನ್ನ ಮನೆಯಲ್ಲಿ ನಡೆದದ್ದನ್ನು ಪ್ರಮಾಣ ಮಾಡಿ ಹೇಳಲಾರೆ. ಅಕ್ಕನ ಮಗಳನ್ನು ನೋಡಲು ಬಂದಿದ್ದ ಗಂಡಿನ ಸೋದರಮಾವ ಗೋಡೆ ನೋಡಿ ಏನೋ ಅಂದ, ನಾಲ್ಕು ಜನ ನಕ್ಕರು. ಇಷ್ಟು ಖರೆ. ಅವನ ಮಾತು ಮಾತ್ರ ನನ್ನ ನೆನಪಿನಲ್ಲಿ ಒಂದು ಥರ ಇದೆ, ಹೆಂಡತಿಯ ನೆನಪಿನಲ್ಲಿ ಇನ್ನೊಂದು ಥರ. ಹುಡುಗಿಯ ಅಪ್ಪ, ನಮ್ಮ ಭಾವನನ್ನು ಕೇಳಿದರೆ, "ಅಂವಾ ಏನೂ ಅಂದೇ ಇಲ್ಲ ಬಿಡೋ" ಎನ್ನುತ್ತಾರೆ.

ಗೋಡೆಯ ಮೇಲಿದ್ದವು ಹಳೆಯ ಪ್ರಾಣಿಶಾಸ್ತ್ರದ ಪುಸ್ತಕಗಳ ಚಿತ್ರಗಳ ನಕಲು: ಮುಸ್ಯಾ ಎಂಬ ಉದ್ದ ಬಾಲದ ಮಂಗ, ಸಿಂಗಳೀಕ, ಕಾಡುಪಾಪ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಅದೇ ಶಾಸ್ತ್ರ. ಆ ಚಿತ್ರಗಳ ಮೇಲೆ ನನಗೆ ಪ್ರೀತಿಯೂ ಉಂಟು, ಅನುಮಾನವೂ ಉಂಟು. ಒಂದು ಕೂದಲನ್ನೂ ಬಿಡದೆ ಬರೆದ ಕಲಾವಿದ ಮುಸ್ಯಾನ ಕರಿ ಮುಖಕ್ಕೆ ಯಾವುದೋ ಮುದುಕನ ಚಿಂತೆ ಹಚ್ಚಿದ್ದಾನೆ. ಬಹುಶಃ ಜೀವಂತ ಮುಸ್ಯಾನನ್ನು ಅವನು ನೋಡಿಯೇ ಇರಲಿಲ್ಲ. ಫ್ರೇಮಿನ ಅಂಗಡಿಯವನು ಕೇಳದೆಯೇ ಬಂಗಾರ ಬಣ್ಣದ ಪಟ್ಟಿ ಹಾಕಿಕೊಟ್ಟಿದ್ದ. "ಹನುಮಪ್ಪಗ ಕರೀ ಫ್ರೇಮ್ ಹಾಕಬಾರದ್ರೀ ಸರ್" ಎಂಬುದು ಅವನ ವಾದ.

ಅಕ್ಕನ ಮಗಳು ಕಮಲಾಪುರದಲ್ಲಿ ಸಾಲಿ ಕಲಿಸುತ್ತಾಳೆ. ಬಣ್ಣ ಕಪ್ಪು. ಗಂಡಿನ ಮನೆಯವರು ಕಲಬುರಗಿಯಲ್ಲೇ ಇದ್ದಾರಲ್ಲ, ಅವರಿಗ್ಯಾಕೆ ಕಮಲಾಪುರದ ತನಕ ತ್ರಾಸು ಎಂದು ಕನ್ಯಾ ನೋಡುವ ಕಾರ್ಯಕ್ರಮ ನನ್ನ ಮನೆಯಲ್ಲಿ ಇಟ್ಟರು. ಅವಳು ಚಹಾದ ತಾಟು ಹಿಡಿದು ಬಂದಳು. ಆ ಸೋದರಮಾವ ಮುಸ್ಯಾನನ್ನು ನೋಡಿದ, ಅವಳನ್ನು ನೋಡಿದ.

"ಕನ್ಯಾದ ಫೋಟೋ ಮೊದಲೇ ಹಾಕಿಟ್ಟೀರಲ್ರೀ!"

ಇದು ನನಗೆ ಕೇಳಿಸಿದ್ದು. ಹೆಂಡತಿಗೆ ಕೇಳಿಸಿದ್ದು, "ಇವರೂ ಕನ್ಯಾದ ಕಡಿಯವರೇನ್ರೀ?" ಎಂದು. ಗಂಡು ತಲೆ ಎತ್ತದೆ ಸುಸಲಾ ತಿನ್ನುತ್ತಿದ್ದ. ನಾನು ಏಳುವಷ್ಟರಲ್ಲಿ ಅಕ್ಕ ನನ್ನ ಮೊಣಕಾಲು ಒತ್ತಿ ಹಿಡಿದಳು.

ಅವರು ಹೋದ ಮೇಲೆ ವಿಚಾರಣೆ ಶುರುವಾಯಿತು. ಅವನದಲ್ಲ, ಚಿತ್ರಗಳದು.

"ಯಾವ ಶ್ಯಾಣ್ಯಾ ಮನ್ಯಾಗ ಮಂಗ್ಯಾನ ಫೋಟೋ ಹಾಕ್ತಾನೋ? ಸೀನರಿ ಸಿಗಲಿಲ್ಲೇನು ನಿನಗ?" ಎಂದರು ಭಾವ.

"ಆ ಮಾತು ಅಂದವನ್ನ ಬಿಟ್ಟು ಗ್ವಾಡಿಗ್ಯಾಕ ಬೈತೀರಿ?"

"ಗಂಡಿನ ಕಡಿಯವರಪಾ ಅವರು. ನಾಕು ಮಾತು ಅಂತಾರ, ನುಂಗಬೇಕು."

ಯಾಕೆ ನುಂಗಬೇಕು? ಶನಿವಾರ ಅದೇ ಮುಖಕ್ಕೆ ಕೈ ಮುಗಿಯುತ್ತಾರೆ, ರವಿವಾರ ಅದೇ ಮುಖ ಬೈಗುಳವಾಗುತ್ತದೆ. ಆ ಕೋಣೆಯಲ್ಲಿ ಕುಳಿತವರೆಲ್ಲರೂ ಮುಸ್ಯಾನ ಬೀಗರೇ, ಆ ಸೋದರಮಾವನೂ ಸೇರಿ. ನನ್ನ ಶಾಸ್ತ್ರದ ಮೊದಲ ಪಾಠವೇ ಅದು. ಅದರಲ್ಲಿ ಅವಮಾನ ಇಲ್ಲ. ಅಷ್ಟು ಜನರೊಳಗೆ ಬಣ್ಣ ನೋಡಿ ಒಬ್ಬಳನ್ನೇ ಆರಿಸಿ ತೋರಿಸಿದ್ದು ಅವಮಾನ. ಇದನ್ನು ಹೇಳಿದರೆ ಭಾವ, "ಕಾಲೇಜಿನ ಭಾಷಣ ಸಾಕು" ಎಂದು ಕುರ್ಚಿ ಹತ್ತಿ ಮುಸ್ಯಾನನ್ನು ಇಳಿಸಿಯೇ ಬಿಟ್ಟರು.

ಅಕ್ಕನ ಮಗಳು ಒಳಗಿಂದ ಬಂದು ಚಿತ್ರವನ್ನು ಅಪ್ಪನ ಕೈಯಿಂದ ತೆಗೆದುಕೊಂಡಳು. "ಇಳಿಸಬ್ಯಾಡಪ್ಪಾ. ಇಳಿಸಿದ್ರ ಅಂವಾ ಅಂದದ್ದು ಖರೆ ಅಂತ ಒಪ್ಪಿದಂಗ ಆಗ್ತದ." ತಾನೇ ಕುರ್ಚಿ ಹತ್ತಿ ತಿರುಗಿ ಮೊಳೆಗೆ ಹಾಕಿದಳು.

ಸಂಬಂಧ ಮುರಿಯಿತು. ಕಮಲಾಪುರದಲ್ಲಿ ಸುದ್ದಿ ಹಬ್ಬಿದ್ದು ಮಾತ್ರ ಹೀಗೆ: ಹುಡುಗಿ ಕಪ್ಪು, ಅವಳ ಸೋದರಮಾವನ ಮನೆ ತುಂಬ ಮಂಗ್ಯಾನ ಫೋಟೋ, ಗಂಡಿನವರು ಬ್ಯಾಡ ಅಂದರು. ಭಾವ ಅದನ್ನೇ ನಂಬಿದರು. ನನ್ನ ಮನೆಗೆ ಬರುವುದನ್ನೇ ಬಿಟ್ಟರು. ಕೇಳಿ ಕೇಳಿ ನನಗೂ ಹಾಗೇ ಇರಬಹುದೇನೋ ಅನಿಸತೊಡಗಿತು. ಮಾತು ಹೇಗೆ ಬಂತೆಂದೇ ಸರಿಯಾಗಿ ನೆನಪಿಲ್ಲದವನು ಉಳಿದದ್ದನ್ನು ಹೇಗೆ ನಂಬಲಿ?

ಕೊನೆಗೆ ಸಂಬಂಧ ತಂದಿದ್ದ ಹಿರಿಯರನ್ನು ಹುಡುಕಿಕೊಂಡು ಸೂಪರ್ ಮಾರ್ಕೆಟ್ಟಿನ ಅವರ ಬಟ್ಟೆ ಅಂಗಡಿಗೆ ಹೋದೆ. "ಅವರು ಬ್ಯಾಡ ಅಂದ್ರು ಅಂತ ಯಾರ್ ಹೇಳಿದ್ರೀ?" ಎಂದು ಅವರು ನನಗೇ ಜೋರು ಮಾಡಿದರು. ಆಮೇಲೆ ಅಕ್ಕನ ಮಗಳನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಗಂಡಿನ ಕಡೆಯವರು ಒಪ್ಪಿದ್ದರು. ಹಿರಿಯರಿಗೆ ತಾನೇ ಫೋನ್ ಹಚ್ಚಿ ಬೇಡ ಎಂದವಳು ಅವಳು.